ಗುಳ್ಳೆ ಬರದ ತಾಂಡೇಲ

ಸಮುದ್ರದ ಅಲೆ ಬಾಗಿಲ ತನಕ ಬಂದು ವಿಚಾರಿಸಿಕೊಂಡು ಹೋಗುವಂಥ ಒಂದು ಕೇರಿ. ಆ ಕೇರಿಯಲ್ಲಿ ಮೀನು ಮಾರುವ ಹೊನ್ನಮ್ಮ, ಅವಳಿಗೊಬ್ಬ ಮಗ ಜಟ್ಟಿ. ಎತ್ತರ ಆರಡಿ, ತೋಳು ತೇಗದ ದಿಮ್ಮಿ. ಬುದ್ಧಿ ಮಾತ್ರ ಹಿಂದಿನಿಂದ ಬರುತ್ತೇನೆ ಅಂದದ್ದು, ಇನ್ನೂ ದಾರಿಯಲ್ಲೇ ಇತ್ತು.

ಹೇಳಿದ್ದನ್ನು ಮಾಡುವವನಲ್ಲ ಅಂತ ಯಾರೂ ಅವನನ್ನು ದೂರುವ ಹಾಗಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ. ಇಲ್ಲಿ ಹೇಳಿದ್ದನ್ನು ಅಲ್ಲಿ ಮಾಡುತ್ತಿದ್ದ, ಅಷ್ಟೆ. ಐಸ್ ಕಾರ್ಖಾನೆಯಲ್ಲಿ ಮೂರು ದಿನ ನಿಂತ, ಬಲೆ ಅಂಗಡಿಯಲ್ಲಿ ಎರಡು ದಿನ, ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ತನಕ.

"ನಿನಗೆ ಹೆಣ್ಣು ಯಾರು ಕೊಡ್ತಾರೋ!" ಅಂತ ಹೊನ್ನಮ್ಮ ಹಣೆ ಚಚ್ಚಿಕೊಂಡಳು.

ಕೊಡುವವನೊಬ್ಬ ಇದ್ದ. ದುರ್ಗಯ್ಯ ತಾಂಡೇಲ. ದೊಡ್ಡ ದೋಣಿ ನಡೆಸುವವ, ಒಂದು ಕೂಗಿಗೆ ಇಪ್ಪತ್ತು ಆಳನ್ನು ನಿಲ್ಲಿಸುವವ. ಹೊನ್ನಮ್ಮನ ಗಂಡ ಬದುಕಿದ್ದಾಗ ಅವನ ದೋಣಿಯಲ್ಲೇ ಇದ್ದವನು. ಆ ಋಣಕ್ಕೆ ತಾಂಡೇಲ ಹೇಳಿದ: "ಹುಡುಗ ಎಂಟು ದಿನ ಒಂದೇ ಕಡೆ ಕೆಲಸದಲ್ಲಿ ನಿಲ್ಲಲಿ ಹೊನ್ನಮ್ಮ. ಒಂಬತ್ತನೇ ದಿನ ಮಗಳನ್ನು ಕರೆದುಕೊಂಡು ನಾನೇ ಬರ್ತೇನೆ."

ಹೊನ್ನಮ್ಮ ಫೋಟೋ ನಾಯ್ಕರ ಕಾಲು ಹಿಡಿದಳು. ನಾಯ್ಕರು ಸಮುದ್ರಕ್ಕೆ ಮುಳುಗಿ ಮೀನಿನ ಫೋಟೋ ತೆಗೆಯುವವರು. ಗಾಳಿಯ ಸಿಲಿಂಡರು ಹೊರುವುದಕ್ಕೆ ಅವರಿಗೊಬ್ಬ ಆಳು ಬೇಕಿತ್ತು. ಜಟ್ಟಿ ಎರಡು ಕಂಕುಳಲ್ಲಿ ಎರಡು ಸಿಲಿಂಡರು ಇರುಕಿಕೊಂಡು ನಿಂತದ್ದನ್ನು ನೋಡಿ, "ಇರಲಿ" ಅಂದರು.

ಮೊದಲನೇ ದಿನ ನಾಯ್ಕರು ನೀರಿನಿಂದೆದ್ದು, ಕ್ಯಾಮೆರಾ ಇಟ್ಟ ನೀರು ಹೋಗದ ಪೆಟ್ಟಿಗೆಯನ್ನು ಜಟ್ಟಿಯ ಕೈಗೆ ಕೊಟ್ಟರು. ಜಟ್ಟಿ ಲುಂಗಿಯಲ್ಲಿ ಒರೆಸಿ ಮೂಲೆಯಲ್ಲಿಟ್ಟ.

"ಎಂತ ಮಾಡಿದೆ ಮಾರಾಯ! ಉಪ್ಪು ಒಣಗಿದರೆ ಗುಂಡಿಗಳೆಲ್ಲ ಹಿಡ್ಕೊಳ್ತವೆ! ಸಮುದ್ರದಿಂದ ಬಂದದ್ದನ್ನು ಸಿಹಿನೀರಲ್ಲಿ ಮುಳುಗಿಸಿಡಬೇಕು. ಉಪ್ಪೆಲ್ಲ ಬಿಟ್ಟುಹೋಗಬೇಕು!"

"ಇಷ್ಟೇ ಅಲ್ವಾ ನಾಯ್ಕರೇ? ತಲೆಗೆ ಹೋಯ್ತು!" ಅಂದ ಜಟ್ಟಿ.

ಮನೆಗೆ ಬಂದ. ಅಮ್ಮ ಪೇಟೆಗೆ ಹೋಗಿದ್ದಳು. ಮೂಲೆಯಲ್ಲಿ ಮೂರು ಬುಟ್ಟಿ ಒಣಮೀನು. ಮಳೆಗಾಲಕ್ಕೆಂದು ಕೂಡಿಟ್ಟದ್ದು. ಜಟ್ಟಿ ನೋಡಿದ. ಇದು ಎಲ್ಲಿಂದ ಬಂತು? ಸಮುದ್ರದಿಂದ. ಮೈಮೇಲೆ ಎಂತ ಉಂಟು? ಉಪ್ಪು. ಸಂಶಯಕ್ಕೆ ಜಾಗವೇ ಇರಲಿಲ್ಲ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ, ಮೂರೂ ಬುಟ್ಟಿ ಅದಕ್ಕೆ ಸುರಿದ.

ಹೊನ್ನಮ್ಮ ಬರುವಾಗ ಮನೆ ತುಂಬ ನಾತ, ಹಂಡೆ ತುಂಬ ಗಂಜಿ.

"ಅಯ್ಯೋ ನನ್ನ ಕರ್ಮವೇ! ಉಪ್ಪು ಹಿಡಿದದ್ದನ್ನು ಯಾರಾದರೂ ನೀರಿಗೆ ಹಾಕ್ತಾರಾ? ಬಿಸಿಲಿಗೆ ಹಾಕ್ಬೇಕು! ಚಾಪೆ ಮೇಲೆ ಬಿಡಿಬಿಡಿ ಮಾಡಿ ಹರಡಬೇಕು! ಕಾಗೆ ಬಾರದ ಹಾಗೆ ಕೋಲು ಹಿಡಿದು ಕೂತ್ಕೊಳ್ಬೇಕು!"

"ಇಷ್ಟೇ ಅಲ್ವಾ ಅಮ್ಮ? ತಲೆಗೆ ಹೋಯ್ತು!"

ಮರುದಿನ ನಾಯ್ಕರು ಊಟಕ್ಕೆ ಹೋಗಿದ್ದರು. ತಿರುಗಿ ಬಂದು ನೋಡಿದರೆ ಮರಳಿನ ಮೇಲೆ ಚಾಪೆ. ಪೆಟ್ಟಿಗೆಯ ಮುಚ್ಚಳ ಒಂದು ಕಡೆ, ಹಿಡಿಕೆ ಒಂದು ಕಡೆ, ಮುಂದಿನ ಗಾಜು ಒಂದು ಕಡೆ, ನೀರು ತಡೆಯುವ ರಬ್ಬರ್ ರಿಂಗು ಇನ್ನೊಂದು ಕಡೆ. ನಡುವೆ ಕೋಲು ಹಿಡಿದು ಜಟ್ಟಿ.

"ಒಂದು ಕಾಗೆಯೂ ಮುಟ್ಟಿಲ್ಲ ನಾಯ್ಕರೇ! ಮಗುಚಿ ಮಗುಚಿ ಹಾಕಿದ್ದೇನೆ, ಎರಡೂ ಬದಿ ಒಣಗಿದೆ!"

ರಬ್ಬರು ಹಪ್ಪಳವಾಗಿತ್ತು. ಗಾಜಿನ ಅಂಟು ಬಿಟ್ಟಿತ್ತು. ನಾಯ್ಕರು ಬೈದರು. ಬೈದು ಸುಸ್ತಾದರು. ಸಿಲಿಂಡರು ಹೊರುವುದಕ್ಕೆ ಬೇರೆ ಆಳಿರಲಿಲ್ಲ, ಹೊಸ ಪೆಟ್ಟಿಗೆ ತರಲು ಜಟ್ಟಿಯನ್ನೇ ಕರೆದುಕೊಂಡು ಪೇಟೆಗೆ ಹೋದರು.

ಅಂಗಡಿಯವನು ಮೂರು ಪೆಟ್ಟಿಗೆ ಇಟ್ಟ. ಒಂದು ಬಹಳ ಚಂದ. ಒಂದು ಹಗುರ, ಹೂವಿನ ಹಾಗೆ. ಒಂದು ಒಡ್ಡೊಡ್ಡಾಗಿ ಕಬ್ಬಿಣದ ತಿಜೋರಿಯ ಹಾಗೆ. ಅಂಗಡಿಯವನು ಚಂದದ್ದನ್ನು ಹೊಗಳಿದ. ನಾಯ್ಕರು ಬಕೆಟ್ ತರಿಸಿದರು.

"ನೋಡು ಜಟ್ಟಿ, ಕಲಿತುಕೋ. ಆರಿಸುವಾಗ ಚಂದ ನೋಡ್ಬೇಡ, ಅಂಗಡಿಯವನ ಮಾತು ಕೇಳ್ಬೇಡ. ನೀರಲ್ಲಿ ಮುಳುಗಿಸು. ಒಳಗೆ ಒಂದು ಹನಿ ಹೋದರೂ ಬೇಡ ಅನ್ನು. ಹನಿ ಹೋಗದ್ದನ್ನೇ ತಗೋ."

ಚಂದದ್ದರಲ್ಲಿ ಹನಿ ಹೋಯಿತು. ಹಗುರದ್ದರಲ್ಲೂ ಹೋಯಿತು. ತಿಜೋರಿಯನ್ನು ತೆಗೆದುಕೊಂಡು ಬಂದರು.

"ಇಷ್ಟೇ ಅಲ್ವಾ? ತಲೆಗೆ ಹೋಯ್ತು!"

ಒಂದು ದಿನ ಮನೆಯಲ್ಲಿ ಹೊನ್ನಮ್ಮ ಹೇಳಿದಳು: "ತಾಂಡೇಲರು ಬರುವ ದಿನ ಹತ್ತಿರ ಬಂತು. ನಮ್ಮ ಕೊಡ ಸೋರ್ತದೆ. ಹೊಸದೊಂದು ತಗೊಂಡು ಬಾ. ನೋಡಿ ಆರಿಸು."

ಆರಿಸುವುದನ್ನು ಜಟ್ಟಿಗೆ ಹೇಳಿಕೊಡಬೇಕೆ? ಪಾತ್ರೆ ಅಂಗಡಿಗೆ ಹೋದ, ಬಕೆಟ್ ಕೇಳಿದ. ತಾಮ್ರದ ಕೊಡ ಮುಳುಗಿಸಿದ. ಬುಳುಬುಳು ಅಂತ ನೀರು ಹೋಯಿತು. "ಬೇಡ!" ಹಿತ್ತಾಳೆಯದು ಮುಳುಗಿಸಿದ. "ಬೇಡ!" ಸ್ಟೀಲು. "ಇದೂ ಬೇಡ!" ಅಂಗಡಿಯವನು, "ತಮ್ಮಾ, ಇದು ಕೊಡ!" ಅಂದ. ಅಂಗಡಿಯವನ ಮಾತು ಕೇಳಬಾರದು. ಜಟ್ಟಿ ಕೇಳಲಿಲ್ಲ. ಕೊನೆಗೆ ಅಂಗಡಿಯ ಮೂಲೆಯಲ್ಲಿದ್ದ ಒಂದೇ ಒಂದು ಸಾಮಾನಿನೊಳಗೆ ಹನಿ ನೀರೂ ಹೋಗಲಿಲ್ಲ. ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದ.

ರುಬ್ಬುವ ಗುಂಡುಕಲ್ಲು.

"ಅಯ್ಯೋ ಪೆದ್ದೇ! ಇದಕ್ಕೆ ಬಾಯಿ ಎಲ್ಲುಂಟೋ? ಬಾಯಿ ಇಲ್ಲದಿದ್ದರೆ ನೀರು ಎಲ್ಲಿಂದ ಹೋಗ್ಬೇಕು? ನೀರಿಗೆ ಇಳಿಸುವ ಮುಂಚೆ ಬಾಯಿ ತೆರೆದುಂಟಾ ಅಂತ ನೋಡ್ಬೇಕೋ!"

"ಹಾಗೆ ಮೊದಲೇ ಹೇಳ್ಬಾರದಾ ಅಮ್ಮ? ತಲೆಗೆ ಹೋಯ್ತು!"

ಎಂಟನೇ ದಿನ ಬಂತು. ದೋಣಿ ಬಂಡೆಯ ಹತ್ತಿರ ನಿಂತಿತು. ನಾಯ್ಕರು ಹೊಸ ಪೆಟ್ಟಿಗೆಯ ರಿಂಗು ಒರೆಸಿದರು. ಕೂದಲೆಳೆ ಇದೆಯೇ, ಮರಳಿನ ಕಣ ಇದೆಯೇ ಅಂತ ಬಿಸಿಲಿಗೆ ಹಿಡಿದು ನೋಡಿದರು. ಬೆರಳ ತುದಿಯಲ್ಲಿ ಗ್ರೀಸು ಸವರಿದರು, ಆರೂ ಕೊಂಡಿ ಹಾಕಿದರು. ಕ್ಯಾಮೆರಾ ಇನ್ನೂ ಹೊರಗೇ ಇತ್ತು. "ಮೊದಲು ಖಾಲಿ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸು" ಅಂದರು.

ಜಟ್ಟಿ ನೋಡಿದ. ಬಾಯಿ ಮುಚ್ಚಿದೆ! ಪಾಪ, ನಾಯ್ಕರಿಗೆ ಗೊತ್ತಿಲ್ಲ. ಆರೂ ಕೊಂಡಿ ಬಿಚ್ಚಿ, ಮುಚ್ಚಳ ಅಗಲ ಮಾಡಿ ಇಳಿಸಿದ. ಎಳೆದಾಗ ಪೆಟ್ಟಿಗೆಯ ತುಂಬ ನೀರು, ನೀರಿನಲ್ಲೊಂದು ಏಡಿಮರಿ.

"ಅರ್ಧ ಕೊಡ ಬಂತು ನಾಯ್ಕರೇ!"

"ಖಾಲಿ ಇಳಿಸಿದ್ದಕ್ಕೆ ಬದುಕಿದೆ!" ನಾಯ್ಕರು ಎದೆ ಹಿಡಿದುಕೊಂಡರು. "ಗಟ್ಟಿ ಮುಚ್ಚಿ ಇಳಿಸ್ಬೇಕು ಮಾರಾಯ! ಇಳಿಸಿದ ಮೇಲೆ ಗುಳ್ಳೆ ಬರ್ತದಾ ನೋಡ್ಬೇಕು. ಗುಳ್ಳೆ ಬಂತೋ, ಸೋರ್ತಾ ಉಂಟು ಅಂತ ತಿಳಿ. ಯೋಚನೆ ಮಾಡ್ಬೇಡ, ಎಳೆದು ಮೇಲೆ ಹಾಕು!"

"ತಲೆಗೆ ಹೋಯ್ತು!"

ಪೆಟ್ಟಿಗೆ ತೊಳೆದರು, ಒರೆಸಿದರು, ಮುಚ್ಚಿ ಇಳಿಸಿದರು. ಗುಳ್ಳೆ ಬರಲಿಲ್ಲ. ಕ್ಯಾಮೆರಾ ಒಳಗಿಟ್ಟರು. ನಾಯ್ಕರು ಸಿಲಿಂಡರು ಕಟ್ಟಿಕೊಂಡು ಮುಳುಗಿದರು. ಎರಡಾಳು ಆಳ. ಕೆಳಗೆ ಬಂಡೆಯ ಸಂದಿನಲ್ಲಿ ಹಳದಿ ಪಟ್ಟೆಯ ಮೀನೊಂದು. ವರ್ಷದಿಂದ ಕೈಗೆ ಸಿಗದ ಮೀನು. ನಾಯ್ಕರು ಮರಳು ಕದಡದ ಹಾಗೆ, ಕಾಲು ಆಡಿಸದ ಹಾಗೆ, ಒಂದು ಮೊಳದಷ್ಟು ಹತ್ತಿರ ಹೋದರು. ಪೆಟ್ಟಿಗೆಗೆ ಸಿಕ್ಕಿಸಿದ ಫ್ಲಾಶಿನ ಕೈಗಳನ್ನು ಎರಡೂ ಕಡೆಗೆ ಅಗಲಿಸಿದರು. ಮೀನು ತಿರುಗಿ ನೋಡಿತು. ನಾಯ್ಕರ ಬೆರಳು ಗುಂಡಿಯ ಮೇಲೆ ಹೋಯಿತು.

ಮೇಲೆ ದೋಣಿಯಲ್ಲಿ ಜಟ್ಟಿ ನೋಡಿದ. ಗುಳ್ಳೆ! ಒಂದಲ್ಲ ಎರಡಲ್ಲ, ರಾಶಿ ರಾಶಿ!

"ಅಯ್ಯೋ! ನಾಯ್ಕರು ಸೋರ್ತಾ ಇದ್ದಾರೆ!"

ಹಾರಿದ. ಸಿಲಿಂಡರು ಸಮೇತ ನಾಯ್ಕರನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ದೋಣಿಗೆ ಹಾಕಿದ. ಗ್ರೀಸಿನ ಡಬ್ಬಿ ತೆಗೆದು ಅವರ ಕುತ್ತಿಗೆಯ ಸುತ್ತ ಸವರತೊಡಗಿದ.

"ಬಿಡೋ! ಬಿಡೋ ಮುಂಡೇಗಂಡ! ಮನುಷ್ಯನಿಂದ ಗುಳ್ಳೆ ಬಂದರೆ ಉಸಿರಾಡ್ತಾ ಇದ್ದಾನೆ ಅಂತ! ಸುಖವಾಗಿದ್ದಾನೆ ಅಂತ! ಗುಳ್ಳೆ ಬರದಿದ್ದರೆ ಅಪಾಯ! ಆಗ ಎತ್ತಿ ಮೇಲೆ ಹಾಕು, ಅವನು ಕೂಗಿದರೂ ಬಿಡ್ಬೇಡ, ಒದ್ದರೂ ಬಿಡ್ಬೇಡ! ನಾಳೆ ನನಗೆ ನಿನ್ನ ಮುಖ ತೋರಿಸ್ಬೇಡ!"

ಜಟ್ಟಿ ನಗುನಗುತ್ತ ಮನೆಗೆ ಬಂದ. "ಅಮ್ಮಾ, ಎಂಟು ದಿನ ಆಯ್ತು! ನಾಳೆ ಬರೋದು ಬೇಡ ಅಂತ ನಾಯ್ಕರೇ ಹೇಳಿದ್ದಾರೆ!"

ಹೊನ್ನಮ್ಮ ಗಾಳಿಗೆ ಕೈಮುಗಿದಳು, ನೀರಿಗೆ ಕೈಮುಗಿದಳು. "ನಾಳೆ ಒಂದು ದಿನ, ಮಗನೇ. ಬಾಯಿ ಬಿಡ್ಬೇಡ. ಸುಮ್ಮನೆ ತಾಂಡೇಲರನ್ನೇ ನೋಡ್ತಾ ಕೂತ್ಕೋ. ಅವರಿಗೆ ಎಂತ ಬೇಕು ಅಂತ ನೋಡ್ಕೋ."

ಒಂಬತ್ತನೇ ದಿನ ತಾಂಡೇಲ ಬಂದ. ಜೊತೆಗೆ ಮಗಳು ಯಮುನಾ. ಹೊನ್ನಮ್ಮ ಕುರ್ಚಿ ಹಾಕಿ ಎರಡು ಗೋಲಿ ಸೋಡಾ ತಂದಿಟ್ಟಳು. ಯಮುನಾ ಒಂದನ್ನು ಒಡೆದು ಕುಡಿದಳು. ತಾಂಡೇಲ ದೊಡ್ಡಸ್ತಿಕೆಯಿಂದ ಮುಟ್ಟಲಿಲ್ಲ. ಮೀಸೆ ತಿರುವಿ ಸುಮ್ಮನೆ ಕೂತ.

ಜಟ್ಟಿ ನೋಡುತ್ತ ಕೂತ. ಯಮುನಾಳ ಬಾಯಲ್ಲಿ ಸೋಡಾದ ಗುಳ್ಳೆ. ಹಾಂ, ಸುಖವಾಗಿದ್ದಾಳೆ. ತಾಂಡೇಲನನ್ನು ನೋಡಿದ. ಮೂಗಿನಲ್ಲಿ ಗುಳ್ಳೆ ಇಲ್ಲ. ಬಾಯಲ್ಲಿ ಗುಳ್ಳೆ ಇಲ್ಲ. ಬಗ್ಗಿ ಹತ್ತಿರದಿಂದ ನೋಡಿದ. ಕಿವಿಯಲ್ಲೂ ಇಲ್ಲ!

"ಅಪಾಯ!"

ಕುರ್ಚಿಯಿಂದ ಎತ್ತಿದ. ಇದ್ದದ್ದರಲ್ಲಿ ಮೇಲೆ ಅಂದರೆ ಮನೆಯ ಮಾಡು. ತಾಂಡೇಲನನ್ನು ಹೆಂಚಿನ ಮೇಲೆ ಕೂರಿಸಿದ.

"ಇಳಿಸೋ! ನಾನು ಯಾರು ಗೊತ್ತುಂಟಾ!" ತಾಂಡೇಲ ಕೂಗಿದ. ಕೂಗಿದರೂ ಬಿಡಬಾರದು. ಒದ್ದ. ಒದ್ದರೂ ಬಿಡಬಾರದು. ಜಾರಿ ಇಳಿಯಲು ನೋಡಿದ. ಜಟ್ಟಿ ಮೆಲ್ಲಗೆ ಮೇಲಕ್ಕೆ ತಳ್ಳಿದ. ಒಂದು ಹೆಂಚು ಬಿತ್ತು. ಎರಡು ಹೆಂಚು ಬಿತ್ತು. "ಮಗನೇ, ಇಳಿಸೋ!" ಅಂತ ಹೊನ್ನಮ್ಮ ಬಾಯಿ ಬಡಿದುಕೊಂಡಳು.

"ಇರು ಅಮ್ಮ, ಗುಳ್ಳೆ ಬರಲಿ."

ಇಪ್ಪತ್ತು ಆಳನ್ನು ಒಂದು ಕೂಗಿಗೆ ನಿಲ್ಲಿಸುವ ತಾಂಡೇಲ ಅಂದು ತುಟಿ ಮುಂದೆ ಮಾಡಿ ಎಂಜಲಿನ ಗುಳ್ಳೆ ಬಿಡಲು ನೋಡಿದ. ಬಾಯಿ ಒಣಗಿತ್ತು, ಬರಲಿಲ್ಲ. ಆಗ ಯಮುನಾ ಎದ್ದು ಉಳಿದ ಸೋಡಾದ ಗೋಲಿ ಒತ್ತಿ ಮೇಲಕ್ಕೆ ಚಾಚಿದಳು. "ಕುಡಿ ಅಪ್ಪ." ತಾಂಡೇಲ ಕುಡಿದ, ತೇಗಿದ. ಮೀಸೆಯ ತುಂಬ ನೊರೆ.

"ಬಂತು!" ಜಟ್ಟಿ ಮಗುವನ್ನು ಇಳಿಸಿದ ಹಾಗೆ ಇಳಿಸಿದ.

"ನಡಿ ಮಗಳೇ!" ತಾಂಡೇಲ ಪಂಚೆ ಕೊಡವಿದ. "ಈ ಹುಚ್ಚನಿಗೆ ನಿನ್ನನ್ನು ಕೊಡುವುದಾ?"

ಯಮುನಾ ನಿಂತಲ್ಲಿಂದ ಕದಲಲಿಲ್ಲ. "ಅಪ್ಪಾ, ಹೇಳಿದ್ದನ್ನು ಮಾಡುವ ಗಂಡ ಯಾವ ಊರಲ್ಲಿ ಸಿಗ್ತಾನೆ? ಹೇಳುವುದನ್ನು ನಾನು ನೋಡ್ಕೊಳ್ತೇನೆ."

ತಾಂಡೇಲ ಮಗಳನ್ನು ನೋಡಿದ, ಮಾಡು ನೋಡಿದ. "ಎಂಟು ದಿನ ನಿಂತಿದ್ದಾನೆ. ನಾನು ಆಡಿದ ಮಾತು ಹೌದು. ಕೊಟ್ಟೆ."

ಹೊನ್ನಮ್ಮನಿಗೆ ಮಾತೇ ಹೊರಡಲಿಲ್ಲ. ಹುಟ್ಟಿದ ಮೇಲೆ ಮೊದಲನೇ ಸಲ ಅವಳ ಬಾಯಿ ಕಟ್ಟಿತು. ಗಟ್ಟಿ ಮುಚ್ಚಿಕೊಂಡು, ಕಣ್ಣರಳಿಸಿ, ಅಲ್ಲಾಡದೆ ನಿಂತುಬಿಟ್ಟಳು.

ಜಟ್ಟಿ ಅಮ್ಮನನ್ನು ನೋಡಿದ. ಮೂಗು ನೋಡಿದ, ಬಾಯಿ ನೋಡಿದ.

ಸೋಡಾ ಮುಗಿದಿತ್ತು.

ಮದುವೆಯ ದಿನವನ್ನು ಹೊನ್ನಮ್ಮ ಮಾಡಿನ ಮೇಲೆ ಕೂತೇ ಗೊತ್ತು ಮಾಡಿದಳಂತೆ.