ಮುಂಬಾಗಿಲಿಂದ ಬಂದ ಗಂಡ

"ಗುರುಗಳೇ, ಮನೆಯ ರಾತ್ರಿಯೂಟಕ್ಕೆ ಹೊಸ ರುಚಿ ತರುವುದು ಹೇಗೆ?" ಎಂದು ಕೆಂಚವೀರ ಕೇಳಿದ.

ಅವನು ಗುರುಗಳ ಗೃಹಸ್ಥ ಶಿಷ್ಯ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಗಿನ ಊಟಕ್ಕೆ ದಿನಕ್ಕೊಂದು ಬಗೆ, ಆದರೆ ರಾತ್ರಿಗೆ ಮಾತ್ರ ಅದೇ ಮುದ್ದೆ, ಅದೇ ಸಾರು. ಹೆಂಡತಿಗೆ ಹೇಳಿ ಹೇಳಿ ಬಾಯಿ ನೋಯುತ್ತದೆ ಎಂಬುದು ಅವನ ದೂರು. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ನೇಗಿಲ ಸಾಲಿನಲ್ಲಿ ತನ್ನನ್ನು ಮೀರಿಸುವವರಿಲ್ಲ, ರುಚಿ ಹೇಳುವುದರಲ್ಲಂತೂ ಇಲ್ಲವೇ ಇಲ್ಲ ಎಂದು ಅವನಿಗೆ ಜಂಬ. ಸಾರಿನ ಘಮ ಹಿಡಿದೇ ಉಪ್ಪು ಸಾಲದು ಎನ್ನುತ್ತಿದ್ದ. ಅವನು ಹೇಳಿದ ಮೇಲೆ ಮುಗಿಯಿತು, ಸಾಲದು. ಸಂಜೆ ಹೊಲದಿಂದ ಬಂದವನು ಹಿತ್ತಲ ಬಾಗಿಲಿಂದ ನುಗ್ಗಿ, ತಟ್ಟೆಯ ಮುಂದೆ ಕೂತು ಮುಖ ಸಿಂಡರಿಸುವುದು ವಾಡಿಕೆಯಾಯಿತು. ಹೆಂಡತಿ ಹುರುಳಿ ಬಿಟ್ಟು ಅವರೆ ಹಾಕಿದಳು. ಕಾಯಿ ಅರೆದು ಸುರಿದಳು. ಮೊದಲ ದಿನ ತಲೆದೂಗಿದ, ಮರುದಿನ ಅದೂ ಹಳತಾಯಿತು. ಒಂದು ಸಂಜೆ ತಟ್ಟೆ ತಳ್ಳಿ ಎದ್ದೇಬಿಟ್ಟ.

ಹೆಂಡತಿ ಕೂಗಾಡಲಿಲ್ಲ. ಇನ್ನೊಮ್ಮೆ ತಟ್ಟೆ ತಳ್ಳಿದರೆ ತಾನು ತವರಿಗೆ ಹೋಗುವವಳು, ಮತ್ತೆ ಬರುವವಳಲ್ಲ ಎಂದಳು. ಸೀರೆಗಳನ್ನು ಗಂಟು ಕಟ್ಟಿ ಮೂಲೆಯಲ್ಲಿಟ್ಟಳು.

ಆ ಗಂಟು ನೋಡಿ ರೈತ ಹೆದರಿದ. ಹೆದರಿದೆ ಎಂದು ಒಪ್ಪುವ ಜಾಯಮಾನ ಅವನದಲ್ಲ. ಮರುದಿನ ಉಳುತ್ತಲೇ ಯೋಚಿಸಿದ. ಇದೇ ಒಲೆ, ಇದೇ ಕೈ. ಬೀಗರು ಬಂದರೆ ಬೆರಳು ಚೀಪಿಕೊಂಡು ಏಳುತ್ತಾರೆ. ಹಾಗಾದರೆ ಕೊರತೆ ಸಾರಿನಲ್ಲಿಲ್ಲ, ತಾನು ಬೀಗನಲ್ಲದಿರುವುದರಲ್ಲಿದೆ. ಇಂಥ ಬುದ್ಧಿ ತನಗಲ್ಲದೆ ಇನ್ನಾರಿಗೆ ಹೊಳೆದೀತು ಎಂದು ಬೀಗಿದ. ಸಂಜೆ ಕೆರೆಯಲ್ಲಿ ಮಿಂದು, ಹೆಗಲಿಗೆ ಶಲ್ಯ ಹಾಕಿ, ಬೀದಿ ಸುತ್ತಿ ಬಂದು ತನ್ನ ಮನೆಯ ಮುಂಬಾಗಿಲಲ್ಲೇ ನಿಂತು, ಮನೆಯಲ್ಲಿ ಯಾರಿದ್ದೀರಿ ಎಂದು ಕೇಳಿದ.

ಹೆಂಡತಿ ಇಣುಕಿದಳು. ಶಲ್ಯವನ್ನು ನೋಡಿದಳು, ಗಂಡನನ್ನು ನೋಡಿದಳು. ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟಳು. ಚಾಪೆ ಹಾಸಿದಳು.

"ಯಾವೂರಾಯಿತು ಯಜಮಾನರೇ? ನಿಮ್ಮ ಮನೆಯವರು ಅಡುಗೆಯಲ್ಲಿ ಹೇಗೆ?"

ರೈತ ಹೆಗಲ ಶಲ್ಯ ಸರಿಮಾಡಿಕೊಂಡ. ನೆಂಟನಾಗಿ ಬಂದವನು ಪರರ ಚಾಪೆಯ ಮೇಲೆ ಕೂತು ತನ್ನ ಮನೆಯವಳನ್ನು ಹಳಿಯುವುದುಂಟೇ?

"ಅವಳ ಕೈ ಒಳ್ಳೆಯದು ತಾಯಿ. ನನ್ನ ಬಾಯಿಯೇ ಸ್ವಲ್ಪ ಕೆಟ್ಟದ್ದು."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬಡಿಸಿದ್ದು ಅದೇ ಮುದ್ದೆ, ಅದೇ ಹುರುಳಿ ಸಾರು. ನೆಂಟನು ಉಪ್ಪು ಕೇಳುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಬೇರೆ ದಾರಿಯಿಲ್ಲದೆ ಉಂಡ. ಒಗ್ಗರಣೆಯ ಬೆಳ್ಳುಳ್ಳಿ ಹಲ್ಲಿಗೆ ಸಿಕ್ಕಿತು. ಇದು ದಿನವೂ ಇತ್ತೇ ಎಂದು ಅವನಿಗೆ ಸೋಜಿಗ. ಎರಡನೆಯ ತುತ್ತಿಗೆ ಬಾಯಿ ತಾನಾಗಿ ಹೊಗಳಿತು. ಹೊಗಳಿದ ಮೇಲೆ ಅವಳೂ ವಾಡಿಕೆಯಂತೆ ಇನ್ನೊಂದು ಚೂರು ಎಂದಳು. ಅವನು ಬೇಡವೆನ್ನಲಿಲ್ಲ. ಮತ್ತೆ ಹಾಕಿದಳು, ಮತ್ತೆ ಉಂಡ. ಸೌಟು ಪಾತ್ರೆಯ ತಳ ಕೆರೆಯುವುದು ಕೇಳಿಸಿತು. ಉಪಚಾರವೆಂದರೆ ಹೀಗಿರಬೇಕು ಎಂದುಕೊಂಡ. ಕೈತೊಳೆದು, ಇಂಥ ಸಾರು ಸುತ್ತಲ ಹಳ್ಳಿಗಳಲ್ಲೆಲ್ಲೂ ಉಂಡಿಲ್ಲ ಎಂದ.

ಹೆಂಡತಿ ಗಂಟು ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ಹಾಕಿದಳು.

ಕತೆ ಕೇಳಿ ಕೆಂಚವೀರ ತೊಡೆ ತಟ್ಟಿ ನಕ್ಕ. ತನ್ನ ಬಳಿಯೂ ಜರಿಯಂಚಿನ ಶಲ್ಯವಿದೆ, ಆ ರೈತನಿಗಿಂತ ಚೆನ್ನಾಗಿ ನೆಂಟನಾಗಬಲ್ಲೆ, ಇವತ್ತೇ ಮುಂಬಾಗಿಲಿಗೆ ಹೋಗಿ ನಿಲ್ಲುತ್ತೇನೆ ಎಂದ. ಏಳುವ ಮುಂಚೆ, ಆ ಪುಣ್ಯಾತ್ಮ ಅಂದು ಎಷ್ಟು ಮುದ್ದೆ ಉಂಡಿರಬಹುದು ಎಂದೂ ಕೇಳಿದ.

ಗುರುಗಳು ಹೇಳಿದರು: "ಅವನು ಎಷ್ಟು ಉಂಡನೆಂದು ಕೇಳಿದೆ, ಬಡಿಸಿದವಳಿಗೆ ಉಳಿಯಿತೇ ಎಂದು ಕೇಳಲಿಲ್ಲ."