ಕೂರಲು ಯೋಗ್ಯವಲ್ಲದ ಕಟ್ಟೆ

ಊರಿನ ಯುವ ಸಂಘದ ಹುಡುಗ ಹುಡುಗಿಯರು ಶಾಲೆಯ ಬೇವಿನ ಮರದ ಕೆಳಗೆ ಮಣ್ಣಿನ ಕಟ್ಟೆ ಕಟ್ಟಿ, ಮೇಲೆ ಬಿದಿರಿನ ಚಪ್ಪರ ಹಾಕಿ, ಜೋಳದ ದಂಟು ಹೊದಿಸಿ ಬಯಲು ತರಗತಿ ಮಾಡಿದ್ದರು. ಶಾಲೆಯ ತಪಾಸಣೆಗೆ ಬಂದ ಅಧಿಕಾರಿ ನೋಡಿದ ಕೂಡಲೇ ಮಕ್ಕಳನ್ನು ಹಳೆಯ ತಗಡಿನ ಕೋಣೆಗೆ ಅಟ್ಟಿದರು.

"ಇದು ಕೂರಲು ಯೋಗ್ಯವಲ್ಲ. ಇವತ್ತೇ ಕೆಡವಬೇಕು. ಮಹಜರು ಬರೀತೀನಿ, ಸಂಘದವರು ಸಾಕ್ಷಿ ಸಹಿ ಹಾಕಲಿ."

ಕಟ್ಟಿದವರ ಮುಖ ಬಾಡಿತು. ಬಿಸಿಯೂಟದ ಹುಲಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ತಗಡಿನ ಕಾವಿಗೆ ಮಕ್ಕಳು ಅರ್ಧ ಊಟಕ್ಕೇ ಏಳುವುದನ್ನು ಅವಳು ಮೂರು ಬೇಸಿಗೆ ನೋಡಿದ್ದಳು.

"ಬರೀರಿ ಸಾಹೇಬ್ರ. ತಗಡಿನ ಕೋಣ್ಯಾಗ ಕುರ್ಚಿ ಐತಿ."

ಅಧಿಕಾರಿ ಹೋಗಿ ಕೂತರು. ಐದೇ ನಿಮಿಷಕ್ಕೆ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಎದ್ದು ಬಂದು ಮಣ್ಣಿನ ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ಎರಡು ಗಂಟೆ ನೆಮ್ಮದಿಯಾಗಿ ಬರೆದು, ಎಲ್ಲರಿಗೂ ಓದಿ ಹೇಳಿದರು.

"ಚಲೋ ಬರದೀರಿ," ಎಂದಳು ಹುಲಿಗೆಮ್ಮ. "ಎಲ್ಲಿ ಕುಂತು ಬರದ್ರಿ ಅನ್ನೋದೊಂದು ಉಳದೈತಿ. ಅದನ್ನೂ ಬರೀರಿ, ಸಂಘದ ಹುಡುಗ್ರು ಸಹಿ ಹಾಕ್ತಾರ."

ಮಹಜರಿನಲ್ಲಿ ಬರೆದ ಸ್ಥಳ ನಮೂದಿಸುವುದು ನಿಯಮ. ಅಧಿಕಾರಿ ನಿಯಮ ತಪ್ಪುವವರಲ್ಲ. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಕೂರಲು ಯೋಗ್ಯವಲ್ಲ" ಎಂಬ ಸಾಲನ್ನು ಇನ್ನೊಮ್ಮೆ ಓದಿಕೊಂಡರು.

"ಮಕ್ಕಳು ಈಗ ಎಲ್ಲಿದ್ದಾರೆ?" ಎಂದು ಕೊನೆಗೆ ಕೇಳಿದರು.

"ನೀವು ಎದ್ದು ಬಂದ ಕೋಣ್ಯಾಗ ಅದಾವ್ರಿ."

ಅಧಿಕಾರಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಆಮೇಲೆ ಕಟ್ಟೆಯಿಂದೆದ್ದು, ಮಕ್ಕಳಿಗೆ ಜಾಗ ಬಿಟ್ಟು ನಿಂತರು.