ಎರಡು ಹೋಳಾದ ಹುಣಸೆ ಬೀಜ

ಮರಗಳಿಗಿಂತ ಬಂಡೆಗಳೇ ಹೆಚ್ಚಿದ್ದ ಒಂದು ಕಾಡಿನಲ್ಲಿ ಒಂದು ದೊಣೆ ಇತ್ತು. ದೊಣೆ ಎಂದರೆ ಬಂಡೆಗಳ ನಡುವೆ ಮಳೆನೀರು ನಿಂತು ಆದ ಕೊಳ. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಒಣಗಿದರೂ ಅದು ಮಾತ್ರ ಒಣಗುತ್ತಿರಲಿಲ್ಲ. ಯಾರು ಯಾವಾಗ ನೀರು ಕುಡಿಯಬೇಕು ಎಂದು ಪಾಳಿ ಹಾಕುವುದು ಕಾಡಿನ ಯಜಮಾನನ ಕೆಲಸ. ಹೊರಗಿನವರು ಏರಿಬಂದರೆ ಎಲ್ಲರಿಗಿಂತ ಮುಂದೆ ನಿಲ್ಲುವುದೂ ಅವನದೇ ಕೆಲಸ.

ಮುದಿ ಕಾಡುಹಂದಿ ಬಹಳ ವರ್ಷ ಯಜಮಾನನಾಗಿದ್ದ. ಹಲ್ಲುಗಳೆಲ್ಲ ಉದುರಿದ ಮೇಲೆ, ಇನ್ನು ತನ್ನ ಕೈಲಾಗದು ಎಂದು ಯಜಮಾನನ ಬಂಡೆಯಿಂದ ಇಳಿದ. ಆ ಜಾಗಕ್ಕೆ ಇಬ್ಬರು ಚುನಾವಣೆಗೆ ನಿಂತರು. ಒಬ್ಬ ಕರಡಿ ಬೋರಯ್ಯ. ಇನ್ನೊಬ್ಬಳು ಮುಳ್ಳುಹಂದಿ ತಿಪ್ಪಕ್ಕ.

ಕಾಡಿಗೆ ಕಾಡೇ ಕುಣಿಯಿತು. ಬೋರಯ್ಯ ಬಂಡೆಯಿಂದ ಬಂಡೆಗೆ ಹೋಗಿ ಸಿಕ್ಕವರನ್ನೆಲ್ಲ ತಬ್ಬಿಕೊಂಡ. ಒಮ್ಮೆ ಅವನ ತಬ್ಬುಗೆಗೆ ಸಿಕ್ಕಿದ ಮೊಲಗಳು, ಓಟು ನಿನಗೇ ಹಾಕುತ್ತೇವೆ, ಇನ್ನೊಮ್ಮೆ ಮಾತ್ರ ತಬ್ಬಬೇಡ ಎಂದು ಪೊದೆಯೊಳಗಿಂದಲೇ ಬೇಡಿಕೊಂಡವು. ತಿಪ್ಪಕ್ಕನಿಗೆ ಯಾರನ್ನೂ ತಬ್ಬುವ ಹಾಗಿರಲಿಲ್ಲ. ಅವಳು ದೂರದಲ್ಲೇ ನಿಂತು ಉದ್ದುದ್ದ ಭಾಷಣ ಮಾಡಿದಳು. ಕೇಳುವವರು ತೂಕಡಿಸಿದರು, ಎಚ್ಚರವಾದಾಗಲೆಲ್ಲ ಚಪ್ಪಾಳೆ ತಟ್ಟಿದರು. ನವಿಲುಗಳು ಎರಡೂ ಕಡೆಗೆ ಕುಣಿದವು. ಕೋತಿಗಳು ಯಾರು ಹಣ್ಣು ಕೊಟ್ಟರೆ ಅವರಿಗೆ ಜೈ ಎಂದವು.

ಬೋರಯ್ಯ ಬೇಕೆನ್ನುವವರು ಬೋರೆ ಬೀಜ ಹಾಕಬೇಕು, ತಿಪ್ಪಕ್ಕ ಬೇಕೆನ್ನುವವರು ಹುಣಸೆ ಬೀಜ ಹಾಕಬೇಕು ಎಂದು ತೀರ್ಮಾನವಾಯಿತು. ಕುರಿ ಕಾಯುವವರು ಬಿಟ್ಟುಹೋಗಿದ್ದ ಹಳೆಯ ಗಡಿಗೆಯೊಂದನ್ನು ತಂದಿಟ್ಟರು. ಎಲ್ಲರೂ ಸಾಲಾಗಿ ಬಂದು ಒಂದೊಂದು ಬೀಜ ಹಾಕಿ ಹೋದರು. ಎಣಿಸಲು ಉಡ ಗವಿಯಪ್ಪನನ್ನು ನೇಮಿಸಿದರು. ಅವನಿಗೆ ಗೆಳೆಯರೂ ಇರಲಿಲ್ಲ, ಹಗೆಗಳೂ ಇರಲಿಲ್ಲ. ಇಂಥವನು ಯಾರ ಕಡೆಗೂ ವಾಲಲಾರ ಎಂದು ಎಲ್ಲರೂ ನಂಬಿದರು.

ಹೊಸ ಯಜಮಾನ ಬರುವ ತನಕ ಎಣಿಸುವವನೇ ಯಜಮಾನನ ಬಂಡೆಯ ಮೇಲೆ ಕೂರುವುದು ಆ ಕಾಡಿನ ರೂಢಿ. ಬಂಡೆ ದೊಣೆಯ ಪಕ್ಕದಲ್ಲೇ ಇತ್ತು. ಬೆಳಗಿನ ಎಳೆಬಿಸಿಲು ಮೊದಲು ಬೀಳುತ್ತಿದ್ದದ್ದು ಅಲ್ಲಿ. ಕಾಡಿನವರು ಯಜಮಾನನಿಗೆಂದು ತರುವ ಮಿಡತೆ, ಗೆದ್ದಲುಗಳ ಪಾಲು ಬಂದು ಸೇರುತ್ತಿದ್ದದ್ದೂ ಅಲ್ಲಿಗೇ. ಗವಿಯಪ್ಪ ಬೆಚ್ಚಗಿನ ಕಲ್ಲಿಗೆ ಹೊಟ್ಟೆ ಊರಿ ಕೂತ. ಹುಟ್ಟಿದಂದಿನಿಂದ ಅವನು ಅಂಥ ಸುಖ ಕಂಡಿರಲಿಲ್ಲ. ಇಲ್ಲಿಂದ ಇಳಿಯುವುದು ಯಾರಿಗೆ ಬೇಕು ಎನ್ನಿಸಿತು.

ಅವನು ಗಡಿಗೆ ಬೋರಲು ಹಾಕಿ ಎಣಿಸತೊಡಗಿದ. ಬೀಜಗಳ ನಡುವೆ ಒಂದು ಹುಣಸೆ ಬೀಜ ಎರಡು ಹೋಳಾಗಿ ಬಿದ್ದಿತ್ತು. ಅದನ್ನು ಬಿಟ್ಟು ಎಣಿಸಿದರೆ ಬೋರಯ್ಯನಿಗೆ ಒಂದು ಓಟು ಹೆಚ್ಚು. ಒಂದೆಂದು ಎಣಿಸಿದರೆ ಇಬ್ಬರೂ ಸಮ. ಎರಡೆಂದು ಎಣಿಸಿದರೆ ತಿಪ್ಪಕ್ಕನಿಗೆ ಒಂದು ಹೆಚ್ಚು. ಗವಿಯಪ್ಪನ ನಾಲಿಗೆ ಸರ್ರನೆ ಹೊರಗೆ ಬಂದು ಒಳಗೆ ಹೋಯಿತು. ಉಡದ ನಾಲಿಗೆಯೂ ಎರಡು ಹೋಳೇ ತಾನೇ.

ಅವನು ಎರಡೂ ಹೋಳುಗಳನ್ನು ಹೊಟ್ಟೆಯ ಕೆಳಗೆ ತಳ್ಳಿ, ಬೋರಯ್ಯ ಒಂದು ಓಟಿನಿಂದ ಗೆದ್ದ ಎಂದು ಸಾರಿದ. ಬೋರಯ್ಯ ಸಂತೋಷ ತಡೆಯಲಾರದೆ ದೊಣೆಗೇ ಹಾರಿದ. ಅರ್ಧ ನೀರು ಹೊರಗೆ ಚೆಲ್ಲಿತು. ಅವನ ಕಡೆಯವರು ಒದ್ದೆ ಮೈಯಲ್ಲೇ ಕುಣಿದರು. ಆ ಗದ್ದಲದಲ್ಲಿ ಗವಿಯಪ್ಪ ತಿಪ್ಪಕ್ಕನನ್ನು ಹತ್ತಿರಕ್ಕೆ ಕರೆದ.

"ತಿಪ್ಪಕ್ಕಾ, ನಿನ್ನ ಎರಡು ಓಟು ಲೆಕ್ಕಕ್ಕೇ ಬಂದಿಲ್ಲ. ಹೋಳಾದ ಬೀಜ ಎಣಿಸಬೇಡ ಅಂತ ಬೋರಯ್ಯನ ಕಡೆಯವರು ನನ್ನ ಕತ್ತಿನ ಮೇಲೆ ಕೂತರು. ಬಡವ ನಾನು, ಏನು ಮಾಡಲಿ?" ಎಂದು ಪಿಸುಗುಟ್ಟಿದ.

ತಿಪ್ಪಕ್ಕನ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. ಮತ್ತೆ ಎಣಿಸಲೇಬೇಕು ಎಂದು ಹಟ ಹಿಡಿದಳು. ಗವಿಯಪ್ಪ ಮತ್ತೆ ಎಣಿಸಿ, ತಿಪ್ಪಕ್ಕ ಗೆದ್ದಳು ಎಂದ. ಈಗ ಅವಳ ಕಡೆಯವರು ಕುಣಿದರು. ಅಷ್ಟರಲ್ಲಿ ಗವಿಯಪ್ಪ ಬೋರಯ್ಯನ ಕಿವಿಯಲ್ಲಿ, ತಿಪ್ಪಕ್ಕನ ಕಡೆಯವರು ಕದ್ದು ಬಂದು ಒಂದು ಬೀಜವನ್ನು ಕಚ್ಚಿ ಎರಡು ಮಾಡಿದ್ದಾರೆ ಎಂದು ಊದಿದ. ಮರುದಿನ ಮೂರನೆಯ ಎಣಿಕೆ ಆಯಿತು. ಆಗ ಇಬ್ಬರೂ ಸಮ ಎಂದು ಬಂತು. ಎರಡು ಕಡೆಯವರೂ ಒಟ್ಟಿಗೆ ಕುಣಿಯಲು ಶುರುಮಾಡಿ, ಯಾಕೆ ಕುಣಿಯುತ್ತಿದ್ದೇವೆಂದು ತಿಳಿಯದೆ ನಿಲ್ಲಿಸಿದರು.

ಹೀಗೆ ದಿನವೂ ಎಣಿಕೆ, ದಿನವೂ ಹೊಸ ಯಜಮಾನ. ಕುಣಿದು ಕುಣಿದು ನವಿಲುಗಳ ಕಾಲು ಊದಿಕೊಂಡವು. ಜೈ ಎಂದು ಕೂಗಿ ಕೂಗಿ ಕೋತಿಗಳ ಗಂಟಲು ಕಟ್ಟಿತು. ಗವಿಯಪ್ಪನನ್ನು ಒಲಿಸಿಕೊಳ್ಳಲು ಒಂದು ಕಡೆಯವರು ಮಿಡತೆ ತಂದರೆ ಇನ್ನೊಂದು ಕಡೆಯವರು ಗೆದ್ದಲು ತಂದರು. ಅವನು ತಿಂದು ತಿಂದು ಕುಂಬಳಕಾಯಿಯಂತಾದ. ಆ ಬೀಜ ಹಾಕಿದವರು ಯಾರೆಂದು ಕೇಳಿಬಿಡೋಣ ಎಂದು ಮುದಿ ಮೊಲವೊಂದು ಹೇಳಿತು. ಗವಿಯಪ್ಪ ಕೆನ್ನೆ ಬಡಿದುಕೊಂಡ. ಓಟಿನ ಗುಟ್ಟು ಕೇಳುವುದು ಮಹಾಪಾಪ, ಕೇಳಿದವರನ್ನು ಕಾಡಿನಿಂದಲೇ ಓಡಿಸಬೇಕಾಗುತ್ತದೆ ಎಂದ. ಮೊಲ ಹೆದರಿ ಪೊದೆಯೊಳಗೆ ನುಸುಳಿತು. ಬಂಡೆಯ ಮೇಲೆ ಅವನದು ಉಡದ ಪಟ್ಟೇ ಆಯಿತು.

ಇತ್ತ ದೊಣೆಗೆ ಪಾಳಿ ಹಾಕುವವರೇ ಇಲ್ಲ. ಎರಡು ಕಡೆಯವರೂ ನಾ ಮುಂದು ತಾ ಮುಂದು ಎಂದು ಒಟ್ಟಿಗೆ ನುಗ್ಗಿದರು. ಕಾಲ್ತುಳಿತಕ್ಕೆ ನೀರೆಲ್ಲ ಕೆಸರಾಯಿತು. ಮೊಲದ ಮರಿಗಳು ಬರೀ ಮೂತಿ ಒದ್ದೆ ಮಾಡಿಕೊಂಡು ಬಾಯಾರಿ ಹಿಂದಿರುಗಿದವು. ಬೋರಯ್ಯ ಹುತ್ತ ಅಗೆಯುವಾಗ ತಿಪ್ಪಕ್ಕ ಪಕ್ಕದಲ್ಲೇ ಗೆಡ್ಡೆ ಅಗೆಯುತ್ತಾ ಹರಟುತ್ತಿದ್ದ ಕಾಲವೊಂದಿತ್ತು. ಈಗ ಇಬ್ಬರೂ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಹೋದ ಮೇಲೆ ಇಬ್ಬರಿಗೂ ಒಳಗೊಳಗೇ ಬೇಸರ.

ಬಿಸಿಲು ಏರಿದ ಒಂದು ಮಧ್ಯಾಹ್ನ ಬಯಲಿನ ತೋಳಗಳ ಹಿಂಡು ನೀರಿನ ವಾಸನೆ ಹಿಡಿದು ದೊಣೆಗೆ ಬಂತು. ಮುಂದೆ ಇದ್ದದ್ದು ಕಿವಿ ಹರಿದ ಒಂದು ದೊಡ್ಡ ತೋಳ. ಕಾಡಿನವರೆಲ್ಲ ಬಂಡೆಗೆ ಅಂಟಿಕೊಂಡು ನಿಂತರು.

"ಇಲ್ಲಿ ಯಜಮಾನ ಯಾರು? ಮೊದಲು ಅವನನ್ನು ವಿಚಾರಿಸಿಕೊಳ್ಳುತ್ತೇವೆ. ಆಮೇಲೆ ನೀರು, ಆಮೇಲೆ ಊಟ," ಎಂದಿತು ತೋಳ.

ಎಲ್ಲರ ಕಣ್ಣೂ ಬಂಡೆಯ ಮೇಲಕ್ಕೆ ಹೋದವು.

"ನಾನಲ್ಲ ಸ್ವಾಮಿ, ನಾನು ಬರೀ ಎಣಿಸುವವನು," ಎಂದ ಗವಿಯಪ್ಪ.

"ಹಾಗಾದರೆ ಗೆದ್ದವರು ಯಾರು?"

"ಬೋರಯ್ಯ." ತೋಳ ಇನ್ನೊಂದು ಹೆಜ್ಜೆ ಹತ್ತಿರ ಬಂತು. "ತಿಪ್ಪಕ್ಕ. ಇಲ್ಲ, ಇಬ್ಬರೂ ಗೆದ್ದಿದ್ದಾರೆ. ದಿನವೂ ಗೆಲ್ಲುತ್ತಾರೆ. ಇಬ್ಬರನ್ನೂ ವಿಚಾರಿಸಿಕೊಳ್ಳಿ, ನನ್ನನ್ನು ಬಿಡಿ."

ಹಾಗೆಂದವನೇ ಬಂಡೆಯ ಬಿರುಕಿಗೆ ತಲೆ ತೂರಿಸಿದ. ತಲೆ ಹೋಯಿತು, ಮುಂಗಾಲು ಹೋಯಿತು. ಮಿಡತೆ ತಿಂದ ಹೊಟ್ಟೆ ಮಾತ್ರ ಹೋಗಲಿಲ್ಲ. ಬಾಲ ಹೊರಗೆ ಅತ್ತಿತ್ತ ಬಡಿದುಕೊಳ್ಳತೊಡಗಿತು. ಅದನ್ನು ಕಂಡು ತೋಳಗಳು ಬಿದ್ದು ಬಿದ್ದು ನಕ್ಕವು.

ಅವು ನಗುತ್ತಿದ್ದಾಗಲೇ ಬೋರಯ್ಯ ಗುಂಪು ಸೀಳಿಕೊಂಡು ಮುಂದೆ ಬಂದು ಎರಡು ಕಾಲ ಮೇಲೆ ಎದ್ದು ನಿಂತ. ತಾನು ಯಜಮಾನನೋ ಅಲ್ಲವೋ ಎಂದು ಯೋಚಿಸಲು ಅವನಿಗೆ ಸಮಯವಿರಲಿಲ್ಲ. ಪಕ್ಕದಲ್ಲಿ ಗಲಗಲ ಸದ್ದಾಯಿತು. ತಿರುಗಿ ನೋಡಿದರೆ ತಿಪ್ಪಕ್ಕ, ತೋಳಗಳಿಗೆ ಬೆನ್ನು ಮಾಡಿ, ಮುಳ್ಳುಗಳನ್ನು ಕೆದರಿಕೊಂಡು ನಿಂತಿದ್ದಳು. ಕಿವಿ ಹರಿದ ತೋಳ ಬೋರಯ್ಯನ ಮೇಲೆ ಹಾರಿತು. ಬೋರಯ್ಯ ಒಂದು ಏಟು ಕೊಟ್ಟ. ತೋಳ ಉರುಳಿ ನೇರವಾಗಿ ತಿಪ್ಪಕ್ಕನ ಬೆನ್ನಿಗೆ ಬಂದು ಬಿತ್ತು. ಅದು ಇಟ್ಟ ಕೂಗಿಗೆ ಹಿಂಡೆಲ್ಲ ಬಾಲ ಮಡಚಿಕೊಂಡು ಬಯಲಿನತ್ತ ಓಡಿತು. ಮೂತಿಯಲ್ಲಿ ಮುಳ್ಳು ತುಂಬಿಕೊಂಡು ನಾಯಕನೂ ಹಿಂದೆ ಓಡಿದ.

ಧೂಳು ಅಡಗಿದ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಕೂತರು. ಗವಿಯಪ್ಪ ನನಗೆ ಹೀಗೆ ಹೇಳಿದ್ದ ಎಂದು ತಿಪ್ಪಕ್ಕ ಹೇಳಿದಳು. ನನಗೆ ಹಾಗೆ ಹೇಳಿದ್ದ ಎಂದು ಬೋರಯ್ಯ ಹೇಳಿದ. ಬಿರುಕಿನಲ್ಲಿ ಬಾಲ ಅಲ್ಲಾಡುವುದು ನಿಂತಿತು.

ಬೋರಯ್ಯ ಬಂಡೆ ಹತ್ತಿ, ಗವಿಯಪ್ಪ ಇಷ್ಟು ದಿನ ಕೂತಿದ್ದ ಜಾಗದಿಂದ ಆ ಎರಡು ಹೋಳುಗಳನ್ನು ಎತ್ತಿಕೊಂಡ. ಹಾಕಿದವರು ಯಾರೇ ಆಗಲಿ, ಹೆದರದೆ ಮುಂದೆ ಬನ್ನಿ ಎಂದು ಕೇಳಿದ. ಆಮೇಲೆ ಹುಲ್ಲಿನೊಳಗಿಂದ ಗಂಡ ಹೆಂಡತಿ ಕೌಜುಗ ಹಕ್ಕಿಗಳು ತಲೆ ತಗ್ಗಿಸಿಕೊಂಡು ಬಂದವು.

"ನಮಗೆ ಸಿಕ್ಕಿದ್ದು ಒಂದೇ ಬೀಜ ಅಣ್ಣಾ," ಎಂದಿತು ಹೆಣ್ಣು ಹಕ್ಕಿ. "ಹುಣಸೆ ಮರ ದೂರ. ಮರಿಗಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಅದಕ್ಕೆ ಕೊಕ್ಕಿನಿಂದ ಒಡೆದು ಆಳಿಗೊಂದು ಹೋಳು ಹಾಕಿದೆವು. ಬೈಯುತ್ತೀರೇನೋ ಅಂತ ಸುಮ್ಮನಿದ್ದೆವು."

ಅರ್ಧ ಬೀಜಕ್ಕೆ ಅರ್ಧವೇ ಓಟು, ಹಾಗಾಗಿ ಇಬ್ಬರೂ ಸಮ ಎಂದು ಬೋರಯ್ಯನ ಕಡೆಯ ಕೋತಿಯೊಂದು ವಾದ ಹೂಡಿತು. ಬೋರಯ್ಯ ಹೋಳುಗಳನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಅವನಿಗೂ ಆ ಬಂಡೆಯ ಮೇಲೆ ಬಹಳ ಆಸೆಯಿತ್ತು.

"ಬಂದು ಹಾಕಿದ್ದು ಎರಡು ಜೀವ," ಎಂದ ಕೊನೆಗೆ. "ಎರಡು ಓಟೇ. ನಾನು ಒಂದು ಓಟಿನಿಂದ ಸೋತಿದ್ದೇನೆ. ಬಾ ತಿಪ್ಪಕ್ಕಾ, ಮೇಲೆ ಬಾ."

ಆದರೆ ಬಂಡೆ ಎತ್ತರ, ತಿಪ್ಪಕ್ಕನ ಕಾಲು ಗಿಡ್ಡ. ಎರಡು ಸಲ ಹತ್ತಿ ಎರಡು ಸಲವೂ ಜಾರಿದಳು. ಬೋರಯ್ಯ ಇಳಿದು ಬಂದು ಹಿಂದಿನಿಂದ ತಳ್ಳಿದ. ತಳ್ಳಿದ ಮೇಲೆಯೇ ಅವನಿಗೆ ಮುಳ್ಳಿನ ನೆನಪಾದದ್ದು. ಅವನು ಅಂಗೈ ಕೊಡವುತ್ತ ಒಂದೇ ಕಾಲಲ್ಲಿ ದೊಣೆಯ ಸುತ್ತ ಕುಪ್ಪಳಿಸಿದ. ಕಾಡೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಿಪ್ಪಕ್ಕನೂ ನಕ್ಕಳು. ನೋವು ಕಡಿಮೆಯಾದ ಮೇಲೆ ಬೋರಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಊದಿದ ಕಾಲಿನಲ್ಲೇ ನವಿಲುಗಳು ಇನ್ನೊಮ್ಮೆ ಕುಣಿದವು.

ಯಜಮಾನಿ ತಿಪ್ಪಕ್ಕ ಅಂದೇ ಪಾಳಿ ಹಾಕಿದಳು. ಮೊದಲು ಮರಿಗಳಿದ್ದವರು, ಆಮೇಲೆ ಮುದುಕರು, ಆಮೇಲೆ ಉಳಿದವರು. ಹೊರಗಿನವರು ಬಂದರೆ ಮುಂದೆ ನಿಲ್ಲಲು ಬೋರಯ್ಯನನ್ನು ಪಕ್ಕಕ್ಕೆ ಕರೆದುಕೊಂಡಳು. ಗವಿಯಪ್ಪನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮಿಡತೆಯನ್ನೂ ಕೊಡಲಿಲ್ಲ. ಹೊಟ್ಟೆ ಕರಗಿದ ಮೇಲೆ ಅವನು ಬಿರುಕಿನಿಂದ ತಾನಾಗಿಯೇ ಜಾರಿ ಹೊರಬಂದ. ಬಾಯಾರಿದ್ದ. ಯಾರ ಮುಖವನ್ನೂ ನೋಡದೆ, ನೀರಿನ ಸಾಲಿನ ತುದಿಗೆ ಹೋಗಿ, ಎಲ್ಲರಿಗಿಂತ ಹಿಂದೆ ನಿಂತ.

ನೀತಿ: ಇಬ್ಬರ ನಡುವೆ ಜಗಳ ಹಚ್ಚಿ ಪಡೆದ ಪದವಿ ಆಪತ್ತು ಬಂದಾಗ ಉಳಿಯುವುದಿಲ್ಲ, ಸೋಲನ್ನು ನೇರವಾಗಿ ಒಪ್ಪಿಕೊಂಡವರ ಮಾನ ಎಂದೂ ಕಡಿಮೆಯಾಗುವುದಿಲ್ಲ.